ಅರಣ್ಯದ ದಾರಿಯಲ್ಲಿ ಹಿಂದೆ ಉಳಿದವರು

(ತೋಟದ ಕಾರ್ಮಿಕ ಕುಟುಂಬಗಳ ಪ್ರಾರ್ಥನಾ ಕೂಟದಲ್ಲಿ ಮಾಡಿದ ಭಾಷಣ)



ಬೈಬಲಿನ ನಾಲ್ಕನೆಯ ಪುಸ್ತಕಕ್ಕೆ ನಮ್ಮ ಕನ್ನಡದಲ್ಲಿ ಅರಣ್ಯಕಾಂಡ ಎಂದು ಹೆಸರು. ಅರಣ್ಯ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಬಿದಿರು ಮೆಳೆ, ಆನೆ, ಜಿಗಣೆ, ಬಿಡದೆ ಸುರಿಯುವ ಮಳೆ. ಇಸ್ರಾಯೇಲ್ಯರು ನಡೆದ ಅರಣ್ಯ ಅಂಥದ್ದಲ್ಲ. ಸೀನಾಯಿ ಎಂಬುದು ಈಗ ಈಜಿಪ್ಟ್ ದೇಶಕ್ಕೆ ಸೇರಿದ ಒಣನೆಲ. ಮರಳು, ಕಲ್ಲು, ಬೋಳು ಗುಡ್ಡ, ನೀರಿಲ್ಲದ ಹಳ್ಳ. ಅಲ್ಲಿನ ಅತಿ ಎತ್ತರದ ಕ್ಯಾಥರೀನ್ ಬೆಟ್ಟ 2,600 ಮೀಟರಿಗೂ ಮೇಲಿದೆ. ಹೆಚ್ಚುಕಡಿಮೆ ನಮ್ಮ ದೊಡ್ಡಬೆಟ್ಟದಷ್ಟೇ. ಆದರೆ ದೊಡ್ಡಬೆಟ್ಟದ ಹಸಿರು ಅಲ್ಲಿಲ್ಲ. ಹಗಲು ಬಿಸಿಲು ಸುಡುತ್ತದೆ. ಚಳಿಗಾಲದ ರಾತ್ರಿ ಬೆಟ್ಟದ ಮೇಲೆ ನೀರು ಹೆಪ್ಪುಗಟ್ಟುತ್ತದೆ.

ಆ ನೆಲದಲ್ಲಿ ಇಂದಿಗೂ ಜನ ದಿನಗಟ್ಟಲೆ ನಡೆಯುತ್ತಾರೆ. ಅಲ್ಲಿನ ನಿವಾಸಿಗಳು ಬೆದುವಿನ್ ಎಂಬ ಅರಬ್ ಬುಡಕಟ್ಟಿನವರು. 2011ರಲ್ಲಿ ಈಜಿಪ್ಟಿನಲ್ಲಿ ರಾಜಕೀಯ ಗಲಭೆಗಳಾದ ಮೇಲೆ ಪ್ರವಾಸಿಗಳು ಬರುವುದು ಬಹಳ ಕಡಿಮೆಯಾಯಿತು. ಒಂಟೆ ಇಟ್ಟುಕೊಂಡವನಿಗೆ, ದಾರಿ ತೋರಿಸಿ ಬದುಕುವವನಿಗೆ ಕೆಲಸವಿಲ್ಲದಾಯಿತು. ಆಗ ತರಾಬಿನ್, ಮುಜೈನಾ, ಜಬಾಲಿಯಾ ಎಂಬ ಮೂರು ಕುಲದವರು ಸೇರಿ ಸಹಕಾರಿ ಸಂಘದ ರೀತಿಯಲ್ಲಿ ಒಂದು ಕಾಲುದಾರಿಯನ್ನು ಏರ್ಪಡಿಸಿದರು. 2015ರಲ್ಲಿ ತೆರೆದ ಆ ದಾರಿ ಕಡಲ ದಂಡೆಯಿಂದ ಬೆಟ್ಟದವರೆಗೆ ಸುಮಾರು 220 ಕಿಲೋಮೀಟರ್. 2018ರ ಹೊತ್ತಿಗೆ ಎಂಟು ಕುಲಗಳು ಸೇರಿಕೊಂಡವು. ದಾರಿ ಸುಮಾರು 550 ಕಿಲೋಮೀಟರ್ ಆಯಿತು. ಇವರು ಮುಸ್ಲಿಮರು. ಇವರಲ್ಲಿ ಜಬಾಲಿಯಾ ಕುಲದವರು ಬೆಟ್ಟದ ಬುಡದ ಪುರಾತನ ಕ್ರೈಸ್ತ ಮಠವನ್ನು ತಲೆಮಾರುಗಳಿಂದ ಕಾಯುತ್ತಾ ಬಂದವರು.

ಅವರ ಏರ್ಪಾಡನ್ನು ಗಮನಿಸಿರಿ. ಒಂದು ಕುಲದ ಎಲ್ಲೆ ಮುಗಿದಲ್ಲಿ ಆ ಕುಲದ ದಾರಿ ತೋರುವವನು ನಿಲ್ಲುತ್ತಾನೆ. ಮುಂದಿನ ಕುಲದವನು ಬಂದು ನಡೆಯುವವರನ್ನು ಕೈಗೆ ತೆಗೆದುಕೊಳ್ಳುತ್ತಾನೆ. ಒಬ್ಬನೇ ಕೊನೆಯವರೆಗೆ ಕರೆದುಕೊಂಡು ಹೋಗಿದ್ದರೆ ಸುಲಭವಾಗುತ್ತಿತ್ತು. ಆದರೆ ಮಿಕ್ಕ ಏಳು ಕುಲದವರ ಒಲೆ ಉರಿಯುತ್ತಿರಲಿಲ್ಲ. ಇದ್ದ ಕೆಲಸವನ್ನು ಜಗಳವಾಡಿ ಕಿತ್ತುಕೊಳ್ಳುವುದರ ಬದಲು ಹಂಚಿಕೊಂಡರು. 2019ರಲ್ಲಿ ಹಮಾದ ಕುಲದ ಹೆಂಗಸರು ಸಹ ಪ್ರವಾಸಿ ಹೆಂಗಸರಿಗೆ ದಾರಿ ತೋರುವ ಕೆಲಸಕ್ಕೆ ಮೊದಲ ಸಲ ಇಳಿದರು.

ಇನ್ನು ನೀರಿನ ಲೆಕ್ಕ. ಬಿಸಿಲಿನಲ್ಲಿ ನಡೆಯುವ ಒಬ್ಬನಿಗೆ ದಿನಕ್ಕೆ ನಾಲ್ಕೈದು ಲೀಟರ್ ನೀರು ಬೇಕು. ಹತ್ತು ಜನ ಮೂರು ದಿನ ನಡೆದರೆ ಸುಮಾರು 150 ಲೀಟರ್, ಅಂದರೆ 150 ಕಿಲೋ. ಸೊಪ್ಪಿನ ಮೂಟೆ ಹೊತ್ತು ತೂಕಕ್ಕೆ ನಿಲ್ಲುವ ನಿಮಗೆ ಅದರ ಭಾರ ಎಷ್ಟೆಂದು ನಾನು ಹೇಳಬೇಕಾಗಿಲ್ಲ. ಅದಕ್ಕೇ ಒಂಟೆ ಬೇಕು, ಬಾವಿ ಎಲ್ಲಿದೆ ಎಂದು ಬಲ್ಲವನು ಬೇಕು. ಅಲ್ಲಿ ಕಾಲು ಗಟ್ಟಿ ಇದ್ದವನು ಮುಂದೆ ಓಡಿ ಏನೂ ಸಾಧಿಸಲಾರ. ನೀರು ಹೊತ್ತ ಒಂಟೆ ಹಿಂದೆ ಇದೆ. ಎಲ್ಲರಿಗಿಂತ ನಿಧಾನವಾಗಿ ನಡೆಯುವವನ ನಡಿಗೆಯೇ ಎಲ್ಲರ ನಡಿಗೆ.

ಈಗ ವೇದವನ್ನು ನೋಡೋಣ. ಅರಣ್ಯಕಾಂಡದ 10ನೆಯ ಅಧ್ಯಾಯದಲ್ಲಿ ಮೋಶೆ ಹೋಬಾಬನೆಂಬ ಮಿದ್ಯಾನ್ಯನನ್ನು ಬೇಡಿಕೊಳ್ಳುತ್ತಾನೆ: ಈ ನೆಲ ನಿನಗೆ ಗೊತ್ತು, ನಮಗೆ ಕಣ್ಣಾಗಿರು, ದೇವರು ನಮಗೆ ಮಾಡುವ ಒಳ್ಳೆಯದರಲ್ಲಿ ನಿನಗೂ ಪಾಲುಂಟು ಎಂದು. ಮೇಘಸ್ತಂಭ ಮುಂದೆ ಹೋಗುತ್ತಿದ್ದರೂ ಮೋಶೆಗೆ ಅನ್ಯಕುಲದವನ ಕಣ್ಣು ಬೇಕಾಯಿತು. ಅದೇ ಅಧ್ಯಾಯದಲ್ಲಿ ದಾನ್ ಕುಲದವರ ಕೆಲಸವನ್ನೂ ಹೇಳಿದೆ. ಎಲ್ಲ ದಂಡುಗಳ ಹಿಂದೆ ಕಾವಲಾಗಿ ಬರುವುದು ಅವರ ಪಾಲು.

ಹಿಂದೆ ಕಾವಲು ಯಾಕೆ ಬೇಕು? ಧರ್ಮೋಪದೇಶಕಾಂಡದ 25ನೆಯ ಅಧ್ಯಾಯ ಉತ್ತರ ಕೊಡುತ್ತದೆ. ಅಮಾಲೇಕ್ಯರು ಬಂದು ಬಿದ್ದದ್ದು ಮುಂದೆ ನಡೆಯುತ್ತಿದ್ದ ಗಟ್ಟಿಗರ ಮೇಲಲ್ಲ. ದಣಿದು ಹಿಂದೆ ಉಳಿದವರ ಮೇಲೆ. ಎಳೆಮಕ್ಕಳ ತಾಯಿ, ಮುದುಕ, ಕಾಲು ನೊಂದವನು, ಇಂಥವರ ಮೇಲೆ. ಹೊಡೆಯುವವನಿಗೆ ಯಾವಾಗಲೂ ಬಾಲವೇ ಸುಲಭ.

ಸಹೋದರರೇ, ಈಗ ನಮ್ಮ ಮಾತಿಗೆ ಬರುತ್ತೇನೆ. ಜಾರ್ಖಂಡ್, ಒಡಿಶಾ, ಅಸ್ಸಾಂ ಕಡೆಯಿಂದ ಬಂದವರು ಈಗ ನಮ್ಮ ಪಕ್ಕದ ಲೈನಿನಲ್ಲೇ ವಾಸವಾಗಿದ್ದಾರೆ. ಅವರನ್ನು ಸಂಘಕ್ಕೆ ಸೇರಿಸಬಾರದು, ಸೇರಿಸಿದರೆ ನಮ್ಮ ಕೆಲಸ ಹೋಗುತ್ತದೆ ಎಂದು ಹೋದ ತಿಂಗಳ ಸಭೆಯಲ್ಲಿ ಕೆಲವರು ಹೇಳಿದರು. ಹೇಳಿದವರು ಕೆಟ್ಟವರಲ್ಲ. ಸೊಪ್ಪು ಕಡಿಮೆಯಾದ ತಿಂಗಳಲ್ಲಿ ಕೆಲಸದ ದಿನ ಕಡಿಮೆಯಾಗುತ್ತದೆ, ಅಂಗಡಿಯ ಸಾಲ ಮಾತ್ರ ಕಡಿಮೆಯಾಗುವುದಿಲ್ಲ. ಆ ಭಯ ನನಗೂ ತಿಳಿದದ್ದೇ.

ಆದರೆ ಯೋಚಿಸಿ ನೋಡಿ. ಅವರನ್ನು ಹೊರಗಿಟ್ಟರೆ ಅವರೇನು ಊರಿಗೆ ಹೋಗಿಬಿಡುತ್ತಾರೆಯೇ? ಇಲ್ಲ. ಕಡಿಮೆ ಕೂಲಿಗೆ, ಪುಸ್ತಕದಲ್ಲಿ ಹೆಸರಿಲ್ಲದೆ, ಔಷಧಿ ಸಿಂಪಡಿಸುವಾಗ ಮೂಗಿಗೆ ಬಟ್ಟೆಯೂ ಇಲ್ಲದೆ ದುಡಿಯುತ್ತಾರೆ. ನಾಳೆ ನಾವು ಕೂಲಿ ಕೇಳಲು ಹೋದಾಗ ಅವರ ಕೂಲಿಯನ್ನೇ ನಮಗೆ ತೋರಿಸುತ್ತಾರೆ. ಹಿಂದಿನವನ ಮೇಲೆ ಬಿದ್ದ ಏಟು ಹೀಗೆ ಮುಂದಿನವನಿಗೂ ಬಂದು ಮುಟ್ಟುತ್ತದೆ.

ನಮ್ಮಲ್ಲಿ ಹಲವರು ಗುಂಡ್ಲುಪೇಟೆ, ಚಾಮರಾಜನಗರ ಸೀಮೆಯಿಂದ ಮೇಸ್ತ್ರಿಯ ಮುಂಗಡ ಪಡೆದು, ಕಾಡುದಾರಿಯಲ್ಲಿ ನಡೆದು ಘಟ್ಟ ಹತ್ತಿ ಬಂದವರ ಮೊಮ್ಮಕ್ಕಳು. ಅಂದು ಅವರಿಗೂ ಈ ನೆಲ ಹೊಸದು, ಭಾಷೆ ಹೊಸದು. ಯಾರೋ ಒಬ್ಬರು ಆನೆದಾರಿ ಯಾವುದು, ಊಟೆ ಎಲ್ಲಿ ಎಂದು ತೋರಿಸಿದ್ದರಿಂದಲೇ ಅವರು ಬದುಕಿ ಉಳಿದರು.

ಆದುದರಿಂದ ಮೂರು ಕೆಲಸಗಳನ್ನು ನಿಮ್ಮ ಮುಂದೆ ಇಡುತ್ತೇನೆ. ಒಂದನೆಯದು, ಹೊಸಬರ ಹೆಸರು ಸಂಘದ ಪುಸ್ತಕಕ್ಕೆ ಬರಲಿ. ರಸೀತಿಯನ್ನು ಅವರು ಓದಬಲ್ಲ ಅಕ್ಷರದಲ್ಲಿ ಕೊಡೋಣ. ಎರಡನೆಯದು, ಕೆಲಸ ಕಡಿಮೆಯಾದ ದಿನಗಳಲ್ಲಿ ಸರದಿಯಂತೆ ಕೆಲಸ ಹಂಚಬೇಕೆಂದು ಎಲ್ಲರೂ ಒಂದೇ ಬಾಯಿಂದ ಕೇಳೋಣ. ಸರದಿಯ ಪಟ್ಟಿಯನ್ನು ಮಸ್ಟರಿನಲ್ಲಿ ಎಲ್ಲರ ಎದುರಿಗೆ ಓದಲಿ. ಮೂರನೆಯದು, ನಾವೇ ಅವರಿಗೆ ಕಣ್ಣಾಗೋಣ. ಆನೆ ಬರುವ ಹೊತ್ತು, ಜಾರುವ ಇಳಿಜಾರು, ಆಸ್ಪತ್ರೆಗೆ ಹೋಗುವ ಬಸ್ಸು, ಮಕ್ಕಳ ಶಾಲೆ ಇವನ್ನೆಲ್ಲ ತೋರಿಸಿಕೊಡೋಣ. ಇದಕ್ಕೆ ಹಣ ಬೇಕಾಗಿಲ್ಲ.

ಹೋರೇಬಿನಿಂದ ಕಾದೇಶ್ ಬರ್ನೇಯಕ್ಕೆ 11 ದಿನದ ಪ್ರಯಾಣ ಎಂದು ಧರ್ಮೋಪದೇಶಕಾಂಡದ ಆರಂಭದಲ್ಲೇ ಬರೆದಿದೆ. ಆದರೂ ಆ ಜನ ಅರಣ್ಯದಲ್ಲಿ 40 ವರ್ಷ ಕಳೆದರು. ದಾರಿ ಉದ್ದವಾಗಿದ್ದರಿಂದಲ್ಲ, ಭಯದಿಂದ, ಗೊಣಗಾಟದಿಂದ, ಅಪನಂಬಿಕೆಯಿಂದ. ನಮಗೆ ಅಷ್ಟು ವರ್ಷ ಕಳೆಯುವ ಸಮಯವಿಲ್ಲ.

ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಸದಸ್ಯತ್ವದ ಪುಸ್ತಕ ಇಲ್ಲೇ ಮೇಜಿನ ಮೇಲಿರುತ್ತದೆ. ಒಂದೊಂದು ಮನೆಯವರು ಹೊಸಬರ ಒಂದೊಂದು ಮನೆಯವರನ್ನು ಕರೆದುಕೊಂಡು ಬನ್ನಿ. ಚಹಾ ಮಾಡಿರುತ್ತೇವೆ.

ಅರಣ್ಯದಲ್ಲಿ ತನ್ನ ಜನರನ್ನು ನಡೆಸಿದ ಕರ್ತನು ನಮ್ಮ ಹಿಂದೆಯೂ ಮುಂದೆಯೂ ಇರಲಿ. ಆಮೆನ್.