ಅಡುಗೆಮನೆ ಕಟ್ಟುವ ಮುನ್ನ ಮನೆಯಾಕೆಯನ್ನು ಕೇಳಿ

(ಗ್ರಾಮಸ್ಥರ ಸಭೆಯೊಂದರಲ್ಲಿ ಮಾಡಿದ ಭಾಷಣ)



“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ಹಿರಿಯರು ಹೇಳಿದ್ದಾರೆ. ಸುಗ್ಗಿ ಕಳೆದ ಮೇಲೆ ನಿಮ್ಮಲ್ಲಿ ಕೆಲವರು ಹೊಸ ಮನೆಗೆ ಪಾಯ ತೆಗೆಯುವ ಯೋಚನೆಯಲ್ಲಿದ್ದೀರಿ ಎಂದು ಕೇಳಿ ಸಂತೋಷವಾಯಿತು. ಬಾಗಿಲಿಗೆ ಯಾವ ಮರ, ನಡುಮನೆಗೆ ಯಾವ ಕಲ್ಲು ಎಂದು ನಾವು ಗಂಡಸರು ಜಗಲಿಯ ಮೇಲೆ ಕೂತು ವಾರಗಟ್ಟಲೆ ಚರ್ಚಿಸುತ್ತೇವೆ. ಅಡುಗೆಮನೆಯ ಮಾತು ಬಂದಾಗ ಮಾತ್ರ “ಅದು ಮೇಸ್ತ್ರಿಗೆ ಗೊತ್ತು” ಎಂದು ಬಿಟ್ಟುಬಿಡುತ್ತೇವೆ. ಇದು ಸರಿಯಲ್ಲವೆಂದು ಹೇಳಲು ನಾನು ಇಂದು ನಿಂತಿದ್ದೇನೆ.

ನಮ್ಮ ಅಜ್ಜಿಯ ಕಾಲದ ಅಡುಗೆಮನೆಯನ್ನು ನೆನೆಯಿರಿ. ಮೂಲೆಯಲ್ಲಿ ಮಣ್ಣಿನ ಒಲೆ, ಪಕ್ಕದಲ್ಲಿ ಒರಳುಕಲ್ಲು, ಬೀಸುವ ಕಲ್ಲು, ಮೇಲೆ ಅಟ್ಟ, ಗೋಡೆಯಲ್ಲಿ ಒಂದು ಸಣ್ಣ ಬೆಳಕಿಂಡಿ. ಎಲ್ಲ ಕೆಲಸವೂ ನೆಲದ ಮೇಲೆ, ಕೂತೇ ಆಗುತ್ತಿತ್ತು. ಅದನ್ನು ತೀರ ದಡ್ಡತನವೆಂದು ಹಳಿಯಬೇಡಿ. ಆ ಹೊಗೆಯಿಂದ ಸೂರಿನ ಬಿದಿರಿಗೆ ಹುಳು ಬೀಳುತ್ತಿರಲಿಲ್ಲ. ಒಲೆಯ ಮೇಲೆ ತೂಗಹಾಕಿದ ಬಿತ್ತನೆಯ ತೆನೆ ಕೆಡುತ್ತಿರಲಿಲ್ಲ. ಆದರೆ ಬಿತ್ತನೆಯನ್ನು ಉಳಿಸಿದ ಹೊಗೆಯೇ ಅಜ್ಜಿಯ ಕಣ್ಣನ್ನೂ ಎದೆಯನ್ನೂ ತಿಂದಿತು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಲೋಕದಲ್ಲೆಲ್ಲ ಸುಮಾರು 32 ಲಕ್ಷ ಮಂದಿ ತೀರಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಅಜ್ಜಿಯ ಕೆಮ್ಮನ್ನು ನಾವು ವಯಸ್ಸಿನ ಕೆಮ್ಮು ಎಂದುಕೊಂಡಿದ್ದೆವು.

ಈ ಹೊಗೆಯನ್ನು ಹೊರಗೆ ಕಳಿಸಲು ಪ್ರಯತ್ನ ನಡೆದದ್ದು ಇಂದು ನಿನ್ನೆಯಲ್ಲ. ಹೈದರಾಬಾದಿನ ಎಸ್. ಪಿ. ರಾಜು ಎಂಬ ಎಂಜಿನಿಯರರು 1953ರಲ್ಲಿಯೇ ಹೊಗೆಯಿಲ್ಲದ ಅಡುಗೆಮನೆಯ ವಿಚಾರವಾಗಿ ಪುಸ್ತಕ ಬರೆದರು. 1952ರ ಅಕ್ಟೋಬರ್ 2ರಂದು ಶುರುವಾದ ಸಮುದಾಯ ಅಭಿವೃದ್ಧಿ ಕಾರ್ಯದವರೂ ಹಳ್ಳಿಹಳ್ಳಿಗೆ ಹೋಗಿ ಕೊಳವೆ ಇಟ್ಟ ಒಲೆಯನ್ನು ಹಾಕಿ ತೋರಿಸಿದರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ವಿಭಾಗ ಹುಟ್ಟಿತು. ಅಲ್ಲಿಯವರು ಮೂರು ಪಾತ್ರೆ ಕೂರುವ, ಒಳಗೆ ಜಾಲರಿ ಇರುವ ‘ಅಸ್ತ್ರ ಒಲೆ’ಯನ್ನು ರೂಪಿಸಿದರು. ಸೌದೆ ಉಳಿಯಿತು, ಹೊಗೆ ಕೊಳವೆಯಲ್ಲಿ ಮೇಲೆ ಹೋಯಿತು. 1983ರಲ್ಲಿ ಭಾರತ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿ ಕೋಟಿಗಟ್ಟಲೆ ಒಲೆಗಳನ್ನು ಹಾಕಿಸಿತು. 2002ರಲ್ಲಿ ಅದು ನಿಂತಿತು. ಅಷ್ಟರಲ್ಲಿ ಎಷ್ಟೋ ಒಲೆಗಳು ಮೂಲೆ ಸೇರಿದ್ದವು.

ಏಕೆ ಮೂಲೆ ಸೇರಿದವು? ನಮ್ಮ ಮನೆಯದನ್ನೇ ಹೇಳುತ್ತೇನೆ. ನಾನು ಹುಡುಗನಾಗಿದ್ದಾಗ ಯಾರೋ ಬಂದು ನಮ್ಮಲ್ಲೂ ಕೊಳವೆಯ ಒಲೆ ಹಾಕಿಕೊಟ್ಟರು. ಅಪ್ಪನ ಹತ್ತಿರ ರುಜು ಹಾಕಿಸಿಕೊಂಡರು. ಅವ್ವನನ್ನು ಯಾರೂ ಕೇಳಲಿಲ್ಲ. ಒಲೆಯ ಬಾಯಿ ನಮ್ಮ ಮುದ್ದೆಯ ಪಾತ್ರೆಗೆ ಹೊಂದಲಿಲ್ಲ. ಕವೆಗೋಲು ಕೊಟ್ಟು ಹಿಟ್ಟು ತೊಳಸಲು ಹೋದರೆ ಪಾತ್ರೆಯೇ ಅಲ್ಲಾಡುತ್ತಿತ್ತು. ಸೌದೆಯನ್ನು ಸಣ್ಣಗೆ ಸೀಳಿಕೊಡುವವರಿಲ್ಲ. ಕೊಳವೆಯ ಮಸಿ ತೆಗೆಯಬೇಕೆಂದು ಯಾರೂ ಹೇಳಿಕೊಡಲಿಲ್ಲ. ಮಸಿ ಕಟ್ಟಿ ಹೊಗೆ ಮತ್ತೆ ಒಳಕ್ಕೇ ನುಗ್ಗಿತು. ವರ್ಷ ತುಂಬುವುದರೊಳಗೆ ಅವ್ವ ಅದನ್ನು ಒಡೆದು ಹಳೆಯ ಒಲೆಯನ್ನೇ ಹಾಕಿಕೊಂಡಳು. “ಹೆಂಗಸರಿಗೆ ಹೊಸದು ಒಗ್ಗದು” ಎಂದು ಅಪ್ಪ ಬೈದರು. ಒಗ್ಗದಿದ್ದದ್ದು ಒಲೆ, ಅವ್ವನಲ್ಲ ಎಂದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು.

ಆಮೇಲೆ ನಿಂತು ಅಡುಗೆ ಮಾಡುವ ಕಟ್ಟೆ ಬಂತು. ಇದರ ಮಾದರಿ ದೂರದ್ದು. ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ಮನೆಗಳಿಗಾಗಿ 1926ರಲ್ಲಿ ಮಾರ್ಗರೆಟೆ ಷ್ಯೂಟೆ-ಲಿಹೊಟ್ಸ್ಕಿ ಎಂಬ ಮಹಿಳೆ, ಒಲೆಯಿಂದ ನೀರಿಗೆ, ನೀರಿನಿಂದ ಕಪಾಟಿಗೆ ಎಷ್ಟು ಹೆಜ್ಜೆ ಎಂಬುದನ್ನು ಲೆಕ್ಕಹಾಕಿ, ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಅಡುಗೆಮನೆಯನ್ನು ರೂಪಿಸಿದಳು. ಅಂಥವು ಸುಮಾರು 10,000 ಕಟ್ಟಲ್ಪಟ್ಟವು. ಹೆಜ್ಜೆ ಉಳಿಯಿತು, ಆದರೆ ಇಬ್ಬರು ಒಟ್ಟಿಗೆ ಕೆಲಸ ಮಾಡಲು ಜಾಗವಿರಲಿಲ್ಲ. ಈಗ ಪಟ್ಟಣಗಳಲ್ಲಿ ಗೋಡೆಯನ್ನೇ ತೆಗೆದು ಅಡುಗೆಮನೆಯನ್ನು ನಡುಮನೆಗೆ ಕೂಡಿಸುವ ರೂಢಿ ಬಂದಿದೆ. ಮೆಣಸಿನಕಾಯಿ ಒಗ್ಗರಣೆ ಹಾಕುವ ಮನೆಗೆ ಅದು ಹೇಗೆ ಹೊಂದೀತೆಂದು ನೀವೇ ಯೋಚಿಸಿ. ಕಾಲಕ್ಕೊಂದು ಮಾದರಿ ಬರುತ್ತದೆ, ಹೋಗುತ್ತದೆ. ನಮಗೆ ಹೊಂದುವುದನ್ನು ಆರಿಸಿಕೊಳ್ಳುವುದು ನಮ್ಮ ಜಾಣತನ.

2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಅನಿಲದ ಒಲೆ ಬಡವರ ಮನೆಗಳಿಗೂ ತಲುಪಿತು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಹಳ್ಳಿಗಳ 100 ಮನೆಗಳಲ್ಲಿ ಸುಮಾರು 43ರಲ್ಲಿ ಮಾತ್ರ ಹೊಗೆಯಿಲ್ಲದ ಇಂಧನದ ಅಡುಗೆ ನಡೆಯುತ್ತಿತ್ತು. ಅನಿಲವಿದ್ದರೂ ಮುದ್ದೆಗೆ, ಬಿಸಿನೀರಿಗೆ ಸೌದೆ ಉರಿಸುವ ಮನೆಗಳು ನಮ್ಮಲ್ಲೇ ಇವೆ.

ಆದುದರಿಂದ ಹೊಸ ಮನೆ ಕಟ್ಟುವವರು ಈ ಕೆಲವು ವಿಷಯಗಳನ್ನು ಗಮನಿಸಬೇಕು.

ಮೊದಲನೆಯದು, ಕಟ್ಟೆಯ ಎತ್ತರ. ಮೇಸ್ತ್ರಿಯ ಟೇಪಿನಿಂದ ಅದನ್ನು ನಿರ್ಧರಿಸಬೇಡಿ. ಅಡುಗೆ ಮಾಡುವಾಕೆ ನೇರವಾಗಿ ನಿಂತು ಕೈ ಮಡಚಲಿ. ಮೊಣಕೈಯಿಂದ ಅರ್ಧ ಗೇಣು ಕೆಳಗೆ ಕಟ್ಟೆ ಬರಲಿ. ಐದಡಿ ಎತ್ತರದ ಹೆಂಗಸಿಗೆ ಇದು ಹೆಚ್ಚುಕಡಿಮೆ ಎರಡೂಮುಕ್ಕಾಲು ಅಡಿಯಾಗುತ್ತದೆ. ಒಲೆ ಇಡುವ ಭಾಗವನ್ನು ಇನ್ನೂ ನಾಲ್ಕು ಬೆರಳು ತಗ್ಗಿಸಿದರೆ ಪಾತ್ರೆಯ ಬಾಯಿ ಎದೆಮಟ್ಟಕ್ಕೆ ಏರುವುದಿಲ್ಲ. ನಮ್ಮ ಮನೆಯ ಕಟ್ಟೆಯನ್ನು ನಾನು ನನ್ನ ಅಳತೆಗೆ ಕಟ್ಟಿಸಿದೆ. ನನ್ನ ಹೆಂಡತಿ ಹನ್ನೆರಡು ವರ್ಷ ಮಣೆಯ ಮೇಲೆ ನಿಂತು ಸಾರು ಕುದಿಸಿದಳು. ಆ ಮಣೆಯನ್ನು ನೋಡಿದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.

ಎರಡನೆಯದು, ನೆಲದ ಜಾಗ. ಕಟ್ಟೆ ಬಂತೆಂದು ನೆಲವನ್ನು ಮರೆಯಬೇಡಿ. ಮುದ್ದೆ ತೊಳಸುವುದು, ಈಳಿಗೆಮಣೆಯಲ್ಲಿ ಹೆಚ್ಚುವುದು, ಹಪ್ಪಳ ಒತ್ತುವುದು ಇವೆಲ್ಲ ಕೂತು ಮಾಡುವ ಕೆಲಸಗಳು. ಇಬ್ಬರು ಮೂವರು ಕೂರುವಷ್ಟು ಬರಿಯ ನೆಲವನ್ನು, ಜಾರದಂಥ ಕಲ್ಲು ಹಾಸಿ, ಉಳಿಸಿಕೊಳ್ಳಿ.

ಮೂರನೆಯದು, ಗಾಳಿ ಬೆಳಕು. ಎದುರುಬದುರು ಗೋಡೆಗಳಲ್ಲಿ ಕಿಟಕಿ ಇರಲಿ. ಮೇಲೆ ಹೊಗೆ ಹೋಗಲು ಕಿಂಡಿ ಬೇಕು. ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಆದ್ದರಿಂದ ಕೆಳಗೂ ಒಂದು ಗಾಳಿಕಿಂಡಿ ಇರಲೇಬೇಕು. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ. ಒಲೆ ಅದಕ್ಕಿಂತ ಎತ್ತರದಲ್ಲಿರಲಿ.

ನಾಲ್ಕನೆಯದು, ಸೌದೆಯ ಒಲೆ. ಅದು ಬೇಕೇ ಬೇಕೆಂದರೆ ಒಳಗೆ ಕದ್ದು ಇಡಬೇಡಿ. ಹಿತ್ತಲಿನ ಚಾವಡಿಯಲ್ಲಿ ಕೊಳವೆಯೊಡನೆ ಹಾಕಿ, ಆಗಾಗ ಮಸಿ ತೆಗೆಯಿರಿ. ಆ ಕೆಲಸ ಗಂಡಸರದು ಎಂದು ಇಂದೇ ಒಪ್ಪಿಕೊಳ್ಳಿ. ಬಚ್ಚಲೊಲೆಗೂ ಇದೇ ಮಾತು.

ಬಾಂಧವರೇ, ಎತ್ತಿಗೆ ನೊಗ ಹಾಕುವಾಗ ಹೆಗಲು ನೋಡುತ್ತೇವೆ. ಹೆಗಲು ಹುಣ್ಣಾದರೆ ನೊಗ ಬದಲಿಸುತ್ತೇವೆ. ಎತ್ತಿಗೆ ತೋರುವ ಈ ಕಾಳಜಿಯನ್ನು ಮನೆಯ ತಾಯಿಗೆ ತೋರದಿದ್ದರೆ ಹೇಗೆ? ಇಂದು ರಾತ್ರಿ ಊಟವಾದ ಮೇಲೆ ಒಂದು ದಾರ ತೆಗೆದುಕೊಂಡು ಅಡುಗೆಮನೆಗೆ ಹೋಗಿ. ಆಕೆಯ ಮೊಣಕೈಯ ಎತ್ತರವನ್ನು ಅಳೆದು, ದಾರಕ್ಕೆ ಗಂಟು ಹಾಕಿ ಇಟ್ಟುಕೊಳ್ಳಿ. ಕಿಟಕಿ ಎಲ್ಲಿರಬೇಕು, ನೀರು ಎಲ್ಲಿರಬೇಕು ಎಂದು ಕೇಳಿ. ಮೇಸ್ತ್ರಿ ಬಂದ ದಿನ ಮೊದಲು ಆ ದಾರವನ್ನು ಅವನ ಕೈಗೆ ಕೊಡಿ.