ಅಣ್ಣನ ಊರಿನ ಗೋವಿನಜೋಳ

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಈ ತಿಂಗಳು "ಮರೆಯಲಾಗದ ವ್ಯಕ್ತಿ" ಎಂಬ ವಿಷಯದ ಮೇಲೆ ಮಾತಾಡಬೇಕು ಎಂದು ನಮ್ಮ ಕಾರ್ಯದರ್ಶಿಗಳು ವಾಟ್ಸಾಪ್ ಗುಂಪಿನಲ್ಲಿ ಹಾಕಿದಾಗ, ಹೆಸರು ಕೊಡಲು ಎರಡು ದಿನ ಹಿಂದೆಮುಂದೆ ನೋಡಿದೆ. ಹಿಂಜೆವಾಡಿಯ ಆಫೀಸಿನಲ್ಲಿ ವಾರಕ್ಕೆ ಮೂರು ಸಲ ಪ್ರೆಸೆಂಟೇಶನ್ ಕೊಡುವವಳು ನಾನು. ಆದರೆ ಸ್ಲೈಡ್ ಇಲ್ಲದೆ, ಅದೂ ಮನೆಯ ಮಾತನ್ನು ನಾಲ್ಕು ಜನರ ಮುಂದೆ ಹೇಳುವುದು ಬೇರೆ. ನಡುವೆ ಗಂಟಲು ಕಟ್ಟಿದರೆ ಒಂದು ನಿಮಿಷ ಬಿಡಿ, ಮತ್ತೆ ಶುರು ಮಾಡುತ್ತೇನೆ.

ನಾನು ಹೇಳಬೇಕೆಂದಿರುವುದು ನನ್ನ ಅಣ್ಣನ ಬಗ್ಗೆ. ನನಗಿಂತ ಎಂಟು ವರ್ಷ ದೊಡ್ಡವನು. ನಮ್ಮದು ಹಾವೇರಿ ಜಿಲ್ಲೆ, ರಾಣೇಬೆನ್ನೂರಿನ ಹತ್ತಿರದ ಹಳ್ಳಿ. ಅಪ್ಪ ಒಕ್ಕಲುತನದವರು. ನಾನು ಸಣ್ಣವಳಿದ್ದಾಗ ನಮ್ಮ ಹೊಲದಲ್ಲಿ ಬಿಳಿಜೋಳ, ಹತ್ತಿ ಇತ್ತು. ನಾನು ಹೈಸ್ಕೂಲಿಗೆ ಬರುವಷ್ಟರಲ್ಲಿ ಸುತ್ತಮುತ್ತ ಎಲ್ಲಿ ನೋಡಿದರೂ ಗೋವಿನಜೋಳ. ಅಣ್ಣ ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಅಮೆರಿಕದ ಪರೀಕ್ಷೆಗಳನ್ನು ಬರೆದು, 2005ರಲ್ಲಿ ಶಿಕಾಗೋದಲ್ಲಿ ರೆಸಿಡೆನ್ಸಿಗೆ ಸೇರಿದ. ಮೂರು ವರ್ಷ ಆದಮೇಲೆ ಅವನು ಹೋಗಿ ನಿಂತದ್ದು ನ್ಯೂಯಾರ್ಕಿನಲ್ಲಲ್ಲ, ಕ್ಯಾಲಿಫೋರ್ನಿಯಾದಲ್ಲೂ ಅಲ್ಲ. ಅಯೋವಾ ರಾಜ್ಯದ ಪಶ್ಚಿಮ ಭಾಗದಲ್ಲಿ, ಎರಡೂವರೆ ಸಾವಿರ ಜನರಿರುವ ಒಂದು ಸಣ್ಣ ಊರಿನಲ್ಲಿ. ಅಲ್ಲೂ ಎಲ್ಲಿ ನೋಡಿದರೂ ಗೋವಿನಜೋಳ! ಅಮೆರಿಕದಲ್ಲಿ ಅತಿ ಹೆಚ್ಚು ಗೋವಿನಜೋಳ ಬೆಳೆಯುವ ರಾಜ್ಯವೇ ಅಯೋವಾ. ಮೊದಲ ಫೋನಿನಲ್ಲಿ ಅಪ್ಪನಿಗೆ ಅವನು ಹೇಳಿದ ಮಾತು: "ಅಪ್ಪಾ, ಏಳು ಸಮುದ್ರ ದಾಟಿ ಬಂದು ಮತ್ತ ನಮ್ಮ ಹೊಲದಾಗ ನಿಂತೇನಿ ನೋಡು."

ಡಾಕ್ಟರ್ ಅಂದಮೇಲೆ ದೊಡ್ಡ ಊರಿಗೆ ಯಾಕೆ ಹೋಗಲಿಲ್ಲ ಎಂದು ನೀವು ಕೇಳಬಹುದು, ನಾವೂ ಕೇಳಿದ್ದೆವು. ಓದಲು ಜೆ-1 ವೀಸಾದ ಮೇಲೆ ಹೋದ ಡಾಕ್ಟರು, ಓದು ಮುಗಿದ ಮೇಲೆ ಎರಡು ವರ್ಷ ತಮ್ಮ ದೇಶಕ್ಕೆ ಹಿಂತಿರುಗಬೇಕು ಎಂಬ ನಿಯಮವಿದೆ. ಆದರೆ ಡಾಕ್ಟರು ಸಿಗದ ಜಾಗದಲ್ಲಿ ಮೂರು ವರ್ಷ ದುಡಿಯಲು ಒಪ್ಪಿದರೆ ಅದರಿಂದ ವಿನಾಯಿತಿ. ನಾರ್ತ್ ಡಕೋಟಾದ ಸೆನೆಟರ್ ಕೆಂಟ್ ಕಾನ್ರಾಡ್ 1994ರಲ್ಲಿ ತಂದ ಕಾನೂನು ಅದು. ಈಗ ಒಂದೊಂದು ರಾಜ್ಯಕ್ಕೆ ವರ್ಷಕ್ಕೆ 30 ಡಾಕ್ಟರು. ಅಮೆರಿಕದ ಎಷ್ಟೋ ಹಳ್ಳಿಗಳಲ್ಲಿ ರೈತರ ಬಿ.ಪಿ. ನೋಡುತ್ತಿರುವವರು ಹೀಗೆ ಬಂದ ನಮ್ಮವರೇ. ಅಣ್ಣ ಮೂರು ವರ್ಷಕ್ಕೆಂದು ಹೋದವನು ಹನ್ನೆರಡು ವರ್ಷ ಅಲ್ಲೇ ಉಳಿದ.

ಅವನ ಆಸ್ಪತ್ರೆ 25 ಹಾಸಿಗೆ ಮೀರದ ಹಳ್ಳಿ ಆಸ್ಪತ್ರೆ. ಇಬ್ಬರೇ ಡಾಕ್ಟರು. ಬೆಳಿಗ್ಗೆ ಕ್ಲಿನಿಕ್, ಮಧ್ಯಾಹ್ನ ವೃದ್ಧಾಶ್ರಮದ ರೌಂಡ್ಸ್, ರಾತ್ರಿ ಎಮರ್ಜೆನ್ಸಿ ಬಂದರೆ ಅದೂ. ದೊಡ್ಡ ಆಸ್ಪತ್ರೆ ಬೇಕೆಂದರೆ ಡಿ ಮೊಯ್ನ್ ನಗರಕ್ಕೆ ಒಂದೂವರೆ ತಾಸು. ಚಳಿಗಾಲದಲ್ಲಿ ಹಿಮ ಬಿದ್ದರೆ ರಸ್ತೆಯೇ ಬಂದ್. ದಾರಿಗಳೆಲ್ಲ ಚೌಕಾಬಾರದ ಮನೆಗಳ ಹಾಗೆ, ಮೈಲಿಗೊಂದು ಗೆರೆ ಎಳೆದಂತೆ ನೇರ. ಎದುರಿಗೆ ಬರುವ ಪಿಕಪ್ಪಿನವರು ಗುರುತಿರಲಿ ಬಿಡಲಿ, ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳುತ್ತಾರಂತೆ. "ನಮ್ಮೂರಾಗ 'ಎಲ್ಲಿಗೆ ಹೊಂಟ್ರಿ' ಅಂತ ಕೇಳ್ತೀವಲ್ಲ, ಇದೂ ಹಂಗ" ಎನ್ನುತ್ತಿದ್ದ.

ಅವನು ರೋಗಿಗಳನ್ನು ನೋಡುತ್ತಿದ್ದ ರೀತಿ ಕೇಳಿ. ಗಂಡಸರು ಬಂದರೆ ಬಿ.ಪಿ. ಪಟ್ಟಿ ಸುತ್ತುವ ಮೊದಲು ಜೋಳದ ದರ ಕೇಳುತ್ತಿದ್ದನಂತೆ. 2012ರಲ್ಲಿ ಅಲ್ಲಿ ಭಾರಿ ಬರ ಬಿದ್ದಾಗ ಒಂದು ಬುಶೆಲ್ಲಿಗೆ, ಅಂದರೆ ಸುಮಾರು 25 ಕೆ.ಜಿ.ಗೆ, ಏಳು ಡಾಲರ್ ದಾಟಿತ್ತು. 2016ರ ಹೊತ್ತಿಗೆ ಅದು ಮೂರೂವರೆ ಡಾಲರಿನ ಆಸುಪಾಸು. "ದರ ಹೇಳುವಾಗ ಮುಖ ನೋಡ್ತೀನಿ. ಹೊಟ್ಟೆನೋವು ಅಂತ ಬಂದವನಿಗೆ ನಿದ್ದೆ ಇಲ್ಲ ಅನ್ನೋದು ಆಗ ತಿಳೀತದ." ಹಾವೇರಿ ಜಿಲ್ಲೆಯಲ್ಲಿ ಹುಟ್ಟಿದವನಿಗೆ ಇದನ್ನು ಯಾವ ಮೆಡಿಕಲ್ ಕಾಲೇಜೂ ಕಲಿಸಬೇಕಾಗಿರಲಿಲ್ಲ. ಸುಗ್ಗಿಯಲ್ಲಿ ಎದೆನೋವಿದ್ದರೂ ಅಲ್ಲಿಯ ರೈತ ಕಂಬೈನ್ ಬಿಟ್ಟು ಆಸ್ಪತ್ರೆಗೆ ಬರುವುದಿಲ್ಲ. ನಮ್ಮಪ್ಪನೂ ಅಷ್ಟೇ, "ರಾಶಿ ಆಗಲಿ, ಆಮ್ಯಾಲೆ ನೋಡೋಣು".

ಹಂದಿ ಸಾಕಣೆಗೂ ಅದೇ ರಾಜ್ಯ ಮೊದಲು. ಅಂಥಲ್ಲಿ ಶಾಕಾಹಾರಿ ಡಾಕ್ಟರು! ಊರಿನ ಊಟಗಳಿಗೆ ಅತ್ತಿಗೆ ದೊಡ್ಡ ಪಾತ್ರೆ ತುಂಬ ಚಿತ್ರಾನ್ನ ಒಯ್ಯುತ್ತಿದ್ದರು. ಅದಕ್ಕೆ ಅಲ್ಲಿ "ಡಾಕ್ಟರರ ಹಳದಿ ಅನ್ನ" ಎಂದೇ ಹೆಸರು. ಆಗಸ್ಟಿನಲ್ಲಿ ಕಾರಿಗೆ ಬೀಗ ಹಾಕಬೇಕು, ಇಲ್ಲದಿದ್ದರೆ ಯಾರಾದರೂ ಜುಕಿನಿ ತುಂಬಿಸಿ ಹೋಗುತ್ತಾರೆ ಎಂದು ನಗುತ್ತಿದ್ದ. ಜೋಳದ ರೊಟ್ಟಿಗೆ ಮಾತ್ರ ಪರದಾಟ. ಕಣ್ಣು ಹಾಯಿಸಿದಷ್ಟು ದೂರ ಜೋಳ, ಆದರೆ ರೊಟ್ಟಿಯ ಬಿಳಿಜೋಳದ ಹಿಟ್ಟಿಗೆ ಡಿ ಮೊಯ್ನ್‌ನ ಇಂಡಿಯನ್ ಅಂಗಡಿಗೇ ಹೋಗಬೇಕು.

ಅತ್ತಿಗೆಯ ಬಗ್ಗೆ ಇಲ್ಲಿ ಹೇಳಲೇಬೇಕು. ಧಾರವಾಡದವರು, ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಎಚ್-4 ವೀಸಾ, ಅಂದರೆ ಕೆಲಸ ಮಾಡುವಂತಿಲ್ಲ. ಕೆಲವರಿಗೆ ಅನುಮತಿ ಕೊಡುವ ನಿಯಮ ಬಂದದ್ದು 2015ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಏಳು ವರ್ಷ ಹೋಗಿತ್ತು. ಮೊದಲ ಚಳಿಗಾಲದಲ್ಲಿ ಅವರು ಅವ್ವನ ಹಳೆಯ ಸೀರೆಗಳನ್ನು ಕತ್ತರಿಸಿ ಕೌದಿ ಹೊಲಿಯಲು ಕೂತರು. ಪಕ್ಕದ ಮನೆಯ ಅಜ್ಜಿ ಅದನ್ನು ನೋಡಿದ್ದೇ, ಕೈಹಿಡಿದು ಚರ್ಚಿನ ನೆಲಮಾಳಿಗೆಗೆ ಕರೆದುಕೊಂಡು ಹೋದರಂತೆ. ಅಲ್ಲಿ ಎಂಟು ಹತ್ತು ಹೆಂಗಸರು ಒಂದು ದೊಡ್ಡ ಚೌಕಟ್ಟಿನ ಸುತ್ತ ಕೂತು ಹೊಲಿಯುತ್ತಿದ್ದರು. ಅವರು ಕ್ವಿಲ್ಟ್ ಅನ್ನುತ್ತಾರೆ, ನಾವು ಕೌದಿ ಅನ್ನುತ್ತೇವೆ. ಇಂಗ್ಲಿಷ್ ಸರಾಗವಾಗುವ ಮೊದಲೇ ಅತ್ತಿಗೆಗೆ ಅಲ್ಲಿ ಜಾಗ ಸಿಕ್ಕಿತು.

ಇನ್ನು ನಾನು ಹೇಳಲು ಹಿಂಜರಿದ ಮಾತಿಗೆ ಬರುತ್ತೇನೆ.

2016ರ ಜನವರಿಯಲ್ಲಿ ಅಪ್ಪ ಹಾಸಿಗೆ ಹಿಡಿದರು. ಹತ್ತು ದಿನ. ನಾನು ಇಲ್ಲಿಂದ ರಜೆ ಹಾಕಿ ಹೋಗಿ ಕೂತಿದ್ದೆ. ಅಣ್ಣನಿಗೆ ದಿನಕ್ಕೆ ಎರಡು ಸಲ ಫೋನು. "ಬರ್ತೀನಿ, ನೋಡ್ತೀನಿ" ಎನ್ನುತ್ತಿದ್ದ. ಕೊನೆಯ ಮೂರು ದಿನ ಅಪ್ಪ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದರು. ಅಣ್ಣ ಬರಲಿಲ್ಲ. ನಮ್ಮ ಕಡೆ "ಮಣ್ಣಿಗೆ ಬರಲಿಲ್ಲ" ಎನ್ನುತ್ತಾರೆ. ಹಡೆದಪ್ಪನ ಮಣ್ಣಿಗೆ ಬರದ ಮಗ ಎಂದರೆ ಅದಕ್ಕಿಂತ ದೊಡ್ಡ ಮಾತಿಲ್ಲ. ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಮಗ ಹಾಕಬೇಕಾದ ಮೊದಲ ಹಿಡಿ ಮಣ್ಣನ್ನು ನಮ್ಮ ಕಾಕಾನ ಮಗ ಹಾಕಿದ. ಆ ರಾತ್ರಿ ಫೋನಿನಲ್ಲಿ ಅಣ್ಣನಿಗೆ ನಾನು ಹೇಳಿದೆ: "ಆ ಊರ ಮಂದಿಗೆಲ್ಲ ಡಾಕ್ಟರ್ ಆದಿ, ನಿಮ್ಮಪ್ಪಗ ಆಗಲಿಲ್ಲ ನೀ."

ಅವನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಉಸಿರಾಟ ಕೇಳಿತು, ಆಮೇಲೆ "ಅವ್ವಗ ಊಟ ಮಾಡಸು" ಎಂದು ಇಟ್ಟ. ಮೇ ತಿಂಗಳಲ್ಲಿ ಬಂದ. ಸಮಾಧಿಯ ಹತ್ತಿರ ಒಬ್ಬನೇ ಇಡೀ ಮಧ್ಯಾಹ್ನ ಕೂತಿದ್ದ. ನಾನು ಊಟಕ್ಕೆ ಕರೆಯಲೂ ಹೋಗಲಿಲ್ಲ. ಮುಂದಿನ ನಾಲ್ಕು ವರ್ಷ ನಮ್ಮ ಮಾತು ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ, ಅವ್ವನ ಔಷಧಿಗೆ ಅಷ್ಟೇ.

2020ರ ದೀಪಾವಳಿ ನವೆಂಬರ್ 14ಕ್ಕಿತ್ತು. ವಿಡಿಯೋ ಕಾಲ್‌ನಲ್ಲಿ ಅವನು ಸೊರಗಿದ್ದ. ಆ ವರ್ಷ ಆಗಸ್ಟ್ 10ರಂದು ಡೆರೇಚೋ ಎಂಬ ಬಿರುಗಾಳಿ ಅಯೋವಾದ ಲಕ್ಷಾಂತರ ಎಕರೆ ಜೋಳವನ್ನು ಮಲಗಿಸಿತ್ತು, ಅದರ ಬೆನ್ನಿಗೆ ಕೋವಿಡ್. "ನಿದ್ದೆ ಕಡಿಮಿ ಆಗೇತಿ, ಅಷ್ಟ" ಎಂದ. ನಾಲ್ಕು ದಿನಕ್ಕೆ ಅವನನ್ನೇ ಡಿ ಮೊಯ್ನ್‌ಗೆ ಸಾಗಿಸಿದರು. ತಿಂಗಳು ಮುಗಿಯುವ ಮೊದಲೇ ಹೋಗಿಬಿಟ್ಟ. 42 ವರ್ಷ. ಆಮೇಲೆ ಮೂರು ವಾರದೊಳಗೆ, ಡಿಸೆಂಬರ್ 14ರಂದು, ಅಮೆರಿಕದಲ್ಲಿ ಲಸಿಕೆ ಹಾಕಲು ಶುರು ಮಾಡಿದರು.

ನನಗೆ ಹೋಗಲಾಗಲಿಲ್ಲ. ನನ್ನ ಹತ್ತಿರ ವೀಸಾ ಇರಲಿಲ್ಲ, ವೀಸಾ ಸಂದರ್ಶನಗಳು ಬಹುತೇಕ ನಿಂತಿದ್ದವು. ಅಲ್ಲಿ ಬೆಳಿಗ್ಗೆ ಹನ್ನೊಂದು, ಇಲ್ಲಿ ರಾತ್ರಿ ಹತ್ತೂವರೆ. ಲ್ಯಾಪ್‌ಟಾಪನ್ನು ಅವ್ವನ ಮುಂದಿಟ್ಟು ಜೂಮ್‌ನಲ್ಲಿ ಅವನ ಮಣ್ಣು ನೋಡಿದೆವು. ಹತ್ತಿರ ನಿಂತವರು ಅತ್ತಿಗೆ, ಹತ್ತು ವರ್ಷದ ಮಗಳು, ಇನ್ನು ಕೆಲವರು. ಹಿಂದೆ ರಸ್ತೆಯುದ್ದಕ್ಕೂ ಕಾರುಗಳು, ಪಿಕಪ್ಪುಗಳು, ಎರಡು ಟ್ರಾಕ್ಟರ್. ಎಲ್ಲವೂ ಹಾಡುಹಗಲಲ್ಲಿ ದೀಪ ಹಚ್ಚಿಕೊಂಡು ನಿಂತಿದ್ದವು. ಯಾರೂ ಕೆಳಗಿಳಿಯುವಂತಿರಲಿಲ್ಲ. ಅವ್ವ ಕೇಳಿದಳು, "ಅವರೆಲ್ಲ ಯಾರವಾ?" ನನಗೆ ಗೊತ್ತಿರಲಿಲ್ಲ.

ನಾನೂ ಅಣ್ಣನ ಮಣ್ಣಿಗೆ ಹೋಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದಾಗ ನನ್ನ ತಲೆಯಲ್ಲಿದ್ದದ್ದು ಇದೊಂದೇ ಮಾತು.

ಅತ್ತಿಗೆಯ ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಹೆಂಡತಿಯ ಎಚ್-4 ನಿಂತಿರುವುದು ಗಂಡನ ವೀಸಾದ ಮೇಲೆ. ಗಂಡ ಹೋದರೆ ಅದೂ ಹೋಗುತ್ತದೆ. 2017ರಲ್ಲಿ ಕ್ಯಾನ್ಸಸ್‌ನ ಒಲೇಥದಲ್ಲಿ ಗುಂಡಿಗೆ ಬಲಿಯಾದ ಎಂಜಿನಿಯರ್ ಶ್ರೀನಿವಾಸ್ ಕೂಚಿಭೋಟ್ಲಾ ಅವರ ಪತ್ನಿ ಸುನಯನಾ ದುಮಾಲಾ ಅವರಿಗೂ ಇದೇ ಸ್ಥಿತಿ ಬಂದಿತ್ತು. ನಮ್ಮ ಅತ್ತಿಗೆಯ ಪರವಾಗಿ ಇಡೀ ಊರು ತಮ್ಮ ಜನಪ್ರತಿನಿಧಿಗಳಿಗೆ ಕಾಗದ ಬರೆಯಿತು. ಬಗೆಹರಿಯಲು ಎರಡು ವರ್ಷ ಹಿಡಿಯಿತು. ಈಗ ಅವರು ಡಿ ಮೊಯ್ನ್‌ನಲ್ಲಿ ಶಾಲೆಯ ಟೀಚರ್.

2023ರ ಸೆಪ್ಟೆಂಬರಿನಲ್ಲಿ ಕಂಪನಿ ನನ್ನನ್ನು ಎರಡು ವಾರ ಶಿಕಾಗೋಗೆ ಕಳಿಸಿತು. ಕೆಲಸ ಮುಗಿಸಿ ಅತ್ತಿಗೆಯ ಮನೆಗೆ ಹೋದೆ. ಒಂದು ರಾತ್ರಿ ಅವರು ಒಂದು ಫೈಲ್ ತಂದು ನನ್ನ ಮುಂದಿಟ್ಟರು. ಒಳಗೆ ಒಮಾಹಾ, ಶಿಕಾಗೋ, ಮುಂಬಯಿ ವಿಮಾನದ ಟಿಕೆಟ್. 2016ರ ಜನವರಿಯದು. ಅಪ್ಪ ಹೋಗುವ ನಾಲ್ಕು ದಿನ ಮೊದಲಿನದು. ಮೇಲೆ ರದ್ದು ಮಾಡಿದ ಕಾಗದ.

ನಡೆದದ್ದು ಇಷ್ಟು. ಆ ವಾರ ಇನ್ನೊಬ್ಬ ಡಾಕ್ಟರಿಗೇ ಹೃದಯದ ಆಪರೇಶನ್ ಆಗಿತ್ತು. ಬದಲಿಗೆ ಬರಬೇಕಿದ್ದವರು ಬರಲಿಲ್ಲ. ಅಣ್ಣ ಹೊರಟರೆ ಆ ಊರಿಗೆ ಡಾಕ್ಟರೇ ಇಲ್ಲ. ಜೊತೆಗೆ ಅವನ ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ಮುಗಿದಿತ್ತು. ಒಮ್ಮೆ ಹೊರಬಿದ್ದರೆ ಹೊಸ ಮುದ್ರೆ ಸಿಗುವ ತನಕ ಹಿಂತಿರುಗುವಂತಿಲ್ಲ. 2012ರಲ್ಲಿ ನನ್ನ ಮದುವೆಗೆ ಬಂದಾಗ ಮುದ್ರೆಗೆ ಕೊಟ್ಟ ಪಾಸ್‌ಪೋರ್ಟ್ ಐದು ವಾರ ಕೈಗೆ ಬಂದಿರಲಿಲ್ಲ. ಗ್ರೀನ್ ಕಾರ್ಡ್ ಇದ್ದಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ. ಆದರೆ ಯಾವ ದೇಶಕ್ಕೂ ವರ್ಷಕ್ಕೆ ಶೇ. 7ಕ್ಕಿಂತ ಹೆಚ್ಚಿಲ್ಲ ಎಂಬ ಲೆಕ್ಕದಲ್ಲಿ ನಮ್ಮವರ ಸಾಲು ಬಲು ಉದ್ದ.

"ನನಗ ಯಾಕ ಹೇಳಲಿಲ್ಲ ವೈನಿ?" ಎಂದೆ. ಅತ್ತಿಗೆ ಹೇಳಿದರು: "ನಾ ಹೇಳ್ತೀನಿ ಅಂದ್ರ ಬ್ಯಾಡ ಅಂದ್ರು. 'ಕಾರಣ ಹೇಳಿದ್ರ ಅಪ್ಪ ತಿರುಗಿ ಬರ್ತಾನೇನು? ಆಕಿ ಸಿಟ್ಟು ಆಕಿಗಿರಲಿ, ಅಷ್ಟಾದ್ರೂ ಹಗುರಾಗ್ತಾಳ' ಅಂದ್ರು."

ಮರುದಿನ ಆ ಊರಿಗೆ ಹೋದೆವು. ಅವನ ಜೊತೆ ಕೆಲಸ ಮಾಡಿ ನಿವೃತ್ತರಾದ ನರ್ಸ್ ಒಬ್ಬರು ಸಿಕ್ಕರು. ಅಪ್ಪ ಹೋದ ಸುದ್ದಿ ಬಂದ ದಿನ ಅಣ್ಣ ಆಸ್ಪತ್ರೆಯ ಹೊರಗೆ ಕಾರಿನಲ್ಲಿ ಅರ್ಧ ತಾಸು ಕೂತಿದ್ದನಂತೆ, ಇಂಜಿನ್ ಕೂಡ ಹಚ್ಚದೆ, ಆ ಚಳಿಯಲ್ಲಿ. ಆಮೇಲೆ ಒಳಗೆ ಬಂದು ಮುಖ ತೊಳೆದು ಉಳಿದ ರೋಗಿಗಳನ್ನು ನೋಡಿದನಂತೆ. ಸ್ಮಶಾನದ ಮೂರು ಕಡೆ ಜೋಳದ ಹೊಲ, ತೆನೆ ಒಣಗಿ ಸುಗ್ಗಿಗೆ ಬಂದಿತ್ತು. ಅಪ್ಪನ ಹೊಲದ ಮಣ್ಣು ಒಯ್ಯಬೇಕೆಂದು ಅವ್ವನ ಆಸೆಯಿತ್ತು. ಆ ದೇಶಕ್ಕೆ ಹಾಗೆ ಮಣ್ಣು ಒಯ್ಯುವಂತಿಲ್ಲ. ವಿಭೂತಿ ಒಯ್ದಿದ್ದೆ, ಅದನ್ನೇ ಕಲ್ಲಿಗೆ ಹಚ್ಚಿದೆ. ಏಳು ವರ್ಷದ ಹಿಂದೆ ಹೇಳಿದ ಮಾತನ್ನು ಅಲ್ಲಿ ಕೂತು ಹಿಂದಕ್ಕೆ ತೆಗೆದುಕೊಂಡೆ. ಅವನಿಗೆ ಕೇಳಿಸಿತೋ ಇಲ್ಲವೋ.

ಒಂದು ಮಾತು ಪ್ರಾಮಾಣಿಕವಾಗಿ ಹೇಳುತ್ತೇನೆ. ಅಣ್ಣ ಬರದಿದ್ದದ್ದು ಸರಿಯೇ ಎಂದು ಇವತ್ತಿಗೂ ನನ್ನಿಂದ ಪೂರ್ತಿ ಒಪ್ಪಲಾಗಿಲ್ಲ. ಅಪ್ಪ ಬಾಗಿಲ ಕಡೆ ನೋಡಿದ್ದು ಸುಳ್ಳಲ್ಲ. ಆ ಊರಿನಲ್ಲಿ ಆ ವಾರ ಡಾಕ್ಟರ್ ಇದ್ದದ್ದರಿಂದ ಯಾರೋ ಬದುಕಿದ್ದೂ ಸುಳ್ಳಿರಲಾರದು. ಎರಡನ್ನೂ ನಾನು ಹೊತ್ತುಕೊಂಡಿದ್ದೇನೆ. ಆದರೆ ನಾನು ಆಡಿದ ಮಾತು ಮಾತ್ರ ತಪ್ಪು. ಯಾಕೆ ಬರಲಿಲ್ಲ ಎಂದು ಕೇಳುವ ಮೊದಲೇ ನಾನು ತೀರ್ಪು ಕೊಟ್ಟಿದ್ದೆ.

ಇಲ್ಲಿ ಕೂತಿರುವ ನಮ್ಮಲ್ಲಿ ಬಹಳ ಜನರಿಗೆ ಅಣ್ಣನೋ ತಮ್ಮನೋ ಹೊರದೇಶದಲ್ಲಿದ್ದಾನೆ. ತಂದೆತಾಯಿಯರನ್ನು ನೋಡಿಕೊಳ್ಳುತ್ತಿರುವವರು ನಾವು ಹೆಣ್ಣುಮಕ್ಕಳು. ಸಿಟ್ಟು ಬರುತ್ತದೆ, ಬರಬೇಕಾದದ್ದೇ. ಆದರೆ ಸಿಟ್ಟಿನ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿ: "ನಿನ್ನ ತೊಂದರೆ ಏನೈತಿ?" ಅವರಿಗೂ ಹೇಳಿ, ಕಾರಣವನ್ನು ನುಂಗಿಕೊಳ್ಳಬೇಡಿ ಎಂದು. ನುಂಗಿದರೆ ಯಾರೂ ಹಗುರಾಗುವುದಿಲ್ಲ. ನಾನು ಆಗಿಲ್ಲ.

ಹೊರಡುವಾಗ ಅತ್ತಿಗೆ ಒಂದು ಗಂಟು ಕೊಟ್ಟರು. ಚರ್ಚಿನ ಆ ಹೆಂಗಸರೆಲ್ಲ ಸೇರಿ ಅಣ್ಣನ ಅಂಗಿಗಳನ್ನು ಕತ್ತರಿಸಿ ಹೊಲಿದ ಕ್ವಿಲ್ಟ್. ಪುಣೆಗೆ ಬಂದು ಅವ್ವನ ತೊಡೆಯ ಮೇಲೆ ಬಿಚ್ಚಿದೆ. ಅವ್ವ ಒಂದೊಂದೇ ಚೌಕದ ಮೇಲೆ ಬೆರಳಾಡಿಸಿದಳು. ಒಂದು ನೀಲಿ ಗೆರೆಯ ತುಂಡಿಗೆ ಬಂದಾಗ ನಿಂತಳು. ಅದು ನನ್ನ ಮದುವೆಗೆ ಹಾಕಿದ್ದ ಅಂಗಿ. ಆಮೇಲೆ ತಿರುಗಿಸಿ ಹಿಂಬದಿಯ ಹೊಲಿಗೆ ನೋಡಿ, "ಹೊಲಿಗಿ ಭಾಳ ಛಲೋ ಹಾಕ್ಯಾರ" ಎಂದಳು.

ಈಗ ಬೇಸಿಗೆಯಲ್ಲೂ ಅವ್ವ ಅದನ್ನೇ ಹೊದ್ದು ಮಲಗುತ್ತಾಳೆ.