ಕೋಳಿಯ ಹೊಟ್ಟೆ ಊದಿದಾಗ

(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ನಿವೃತ್ತ ಪಶು ವೈದ್ಯಕೀಯ ಪರೀಕ್ಷಕರೊಬ್ಬರು ಮಾಡಿದ ಭಾಷಣ)



ಹಾಲಿನ ಸಂಘದ ಬೆಳ್ಳಿಹಬ್ಬದಲ್ಲಿ ಇವನೇನು ಕೋಳಿ ವಿಚಾರ ತೆಗೆದ ಅಂತ ನಗಬೇಡಿ. ಹಾಲಿನ ಬಟವಾಡೆ ಬರುವುದರೊಳಗೆ ಮನೆಗೆ ಉಪ್ಪು, ಬೆಂಕಿಪೊಟ್ಟಣ, ಮಕ್ಕಳಿಗೆ ಪೆನ್ಸಿಲ್ಲು ಕೊಡಿಸುವುದು ಹಿತ್ತಲ ಕೋಳಿಯೇ. ಈ ಲೆಕ್ಕ ಹೆಂಗಸರಿಗೆ ಚೆನ್ನಾಗಿ ಗೊತ್ತು.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ನಾನು ಕೆಲಸದಲ್ಲಿದ್ದಾಗ ಒಂದು ಸಂಜೆ ನಮ್ಮ ಮನೆಯವಳು, "ಕೆಂಪು ಹೇಂಟೆ ಹೊಟ್ಟೆ ಇಳಿಬಿದ್ದಿದೆ, ಸ್ವಲ್ಪ ನೋಡಿ" ಅಂದಳು. ನಾನು ಕೂತಲ್ಲಿಂದಲೇ "ಮೊಟ್ಟೆ ತುಂಬಿದೆ, ಬಿಡು" ಅಂದೆ. ಮೂರನೇ ದಿನ ಅದು ಮಕ್ಕರಿಯೊಳಗೆ ಸತ್ತಿತ್ತು. ಕೊಯ್ದು ನೋಡಿದರೆ ಒಳಗೆ ಮೊಟ್ಟೆ ಸಿಕ್ಕಿಕೊಂಡಿತ್ತು. ಅವಳು ಬೈಯಲಿಲ್ಲ. "ಊರ ದನಕ್ಕೆಲ್ಲ ಕೈ ಹಾಕ್ತೀರಿ, ಮನೆ ಕೋಳಿ ಮುಟ್ಟಲಿಲ್ಲ" ಅಂದಳು, ಅಷ್ಟೆ. ಇವತ್ತು ನಾನು ಹೇಳುವ ಮಾತೂ ಅದೇ: ಮುಟ್ಟಿ ನೋಡಿ.

ಕೋಳಿಯನ್ನು ಸಂಜೆ ಗೂಡಿಗೆ ಸೇರಿದ ಮೇಲೆ ಹಿಡಿಯಿರಿ, ಗಾಬರಿಯಾಗುವುದಿಲ್ಲ. ಕಂಕುಳಲ್ಲಿ ಇಟ್ಟುಕೊಂಡು, ಎದೆಮೂಳೆ ಮುಗಿದ ಜಾಗದಿಂದ ಬಾಲದವರೆಗೆ ಮೆಲ್ಲಗೆ ಕೈಯಾಡಿಸಿ. ಮೊಟ್ಟೆ ಇಡುವ ಕೋಳಿಯ ಹೊಟ್ಟೆ ಸಹಜವಾಗಿಯೇ ತುಂಬಿಕೊಂಡು ಮೆತ್ತಗಿರುತ್ತದೆ. ಆದ್ದರಿಂದ ಅದೇ ವಯಸ್ಸಿನ ಇನ್ನೊಂದು ಕೋಳಿಯನ್ನೂ ಮುಟ್ಟಿ ಹೋಲಿಸಿ. ಕತ್ತಿನ ಬುಡದಲ್ಲಿ ಊದಿದ್ದರೆ ಅದು ಕಾಳಿನ ಚೀಲ, ಹೊಟ್ಟೆಯಲ್ಲ. ಬೆಳಗ್ಗೆ ಮೇವು ಹಾಕುವ ಮೊದಲು ಅದು ಬರಿದಾಗಿರಬೇಕು.

ಹೊಟ್ಟೆ ಊದುವುದು ಒಂದೇ ಕಾಯಿಲೆಯಲ್ಲ. ಮುಖ್ಯವಾದವು ನಾಲ್ಕು.

ಒಂದು, ಮೊಟ್ಟೆ ಸಿಕ್ಕಿಕೊಳ್ಳುವುದು. ಕೋಳಿ ಪದೇ ಪದೇ ಗೂಡಿಗೆ ಹೋಗಿ ಬರುತ್ತದೆ, ಮುಕ್ಕುತ್ತದೆ, ಬಾಲ ಕೆಳಗೆ ಬಿಟ್ಟು ಎದೆಯೆತ್ತಿ ನೆಟ್ಟಗೆ ನಿಲ್ಲುತ್ತದೆ. ಹೊಟ್ಟೆಯ ಹಿಂಭಾಗದಲ್ಲಿ ಗಟ್ಟಿ ಉಂಡೆ ಕೈಗೆ ಸಿಗಬಹುದು. ಇದಕ್ಕೆ ತಡ ಮಾಡುವ ಹಾಗಿಲ್ಲ. ಕೈಗೆ ಹಿತವೆನಿಸುವಷ್ಟು ಬಿಸಿನೀರಿನ ಬೋಗುಣಿಯಲ್ಲಿ ಹೊಟ್ಟೆ ಮುಳುಗುವಂತೆ 15-20 ನಿಮಿಷ ಕೂರಿಸಿ. ಚೆನ್ನಾಗಿ ಒರೆಸಿ, ಮೊಟ್ಟೆ ಬರುವ ದ್ವಾರಕ್ಕೆ ಕೊಬ್ಬರಿ ಎಣ್ಣೆ ಸವರಿ, ಬೆಚ್ಚಗಿನ ಕತ್ತಲೆ ಜಾಗದಲ್ಲಿ ಒಂಟಿಯಾಗಿ ಬಿಡಿ. ಆಮೇಲೂ ಇಡದಿದ್ದರೆ ಅಂದೇ ಡಾಕ್ಟರ ಹತ್ತಿರ ಒಯ್ಯಿರಿ. ಹಿಸುಕಬೇಡಿ, ಮೊಟ್ಟೆ ಒಳಗೇ ಒಡೆದರೆ ಕೋಳಿ ಉಳಿಯುವುದು ಕಷ್ಟ.

ಎರಡು, ಒಳಗೆ ಕೀವಾಗುವುದು. ಹಳದಿ ಲೋಳೆ ಮೊಟ್ಟೆಯ ನಾಳಕ್ಕೆ ಹೋಗದೆ ಹೊಟ್ಟೆಯೊಳಗೆ ಬಿದ್ದು, ರೋಗಾಣು ಸೇರಿದರೆ ಹೀಗಾಗುತ್ತದೆ. ಕೋಳಿ ಮಂಕಾಗುತ್ತದೆ, ಮೊಟ್ಟೆ ನಿಲ್ಲುತ್ತದೆ, ಹಿಕ್ಕೆಯಲ್ಲಿ ಹಳದಿ ಕಾಣಬಹುದು. ಇದಕ್ಕೆ ಡಾಕ್ಟರೇ ಔಷಧಿ ಕೊಡಬೇಕು. ಮನೆಯಲ್ಲಿ ಉಳಿದ ಮನುಷ್ಯರ ಮಾತ್ರೆ ಅರೆದು ಹಾಕಬೇಡಿ. ಔಷಧಿ ಕೊಟ್ಟ ಕೋಳಿಯ ಮೊಟ್ಟೆ, ಮಾಂಸವನ್ನು ಎಷ್ಟು ದಿನ ಬಿಡಬೇಕೆಂದು ಅವರನ್ನೇ ಕೇಳಿ.

ಮೂರು, ನೀರು ತುಂಬುವುದು. ಹೊಟ್ಟೆ ನೀರಿನ ಚೀಲದಂತೆ ಕುಲುಕುತ್ತದೆ. ಕಾಲು ಅಗಲಿಸಿ ನಡೆಯುತ್ತದೆ, ಏದುಸಿರು ಬಿಡುತ್ತದೆ, ಜುಟ್ಟು ನೀಲಿಗಟ್ಟಬಹುದು. ಹೃದಯ, ಈಲಿ, ಒಳಗಿನ ಗೆಡ್ಡೆ ಇದಕ್ಕೆ ಕಾರಣವಿರಬಹುದು. ಸೂಜಿ ಚುಚ್ಚಿ ನೀರು ತೆಗೆಯುವ ಸಾಹಸ ಮನೆಯಲ್ಲಿ ಬೇಡ. ಕರುಳಿಗೆ ತಗುಲಿದರೆ ಅಲ್ಲೇ ಮುಗಿಯಿತು. ಡಾಕ್ಟರು ತೆಗೆದರೂ ಉಸಿರಾಟ ಹಗುರಾಗುತ್ತದೆಯೇ ಹೊರತು ಮೂಲ ಕಾಯಿಲೆ ಹೋಗುವುದಿಲ್ಲ.

ನಾಲ್ಕು, ಬರೀ ಕೊಬ್ಬು. ಕೋಳಿ ಚುರುಕಾಗಿಯೇ ಇರುತ್ತದೆ. ಅನ್ನ, ಜೋಳ ಕಡಿಮೆ ಮಾಡಿ ಮೇಯಲು ಬಿಡಿ.

ಬರುವ ಮುನ್ನ ತಡೆಯುವುದೂ ನಮ್ಮ ಕೈಯಲ್ಲಿ ಸ್ವಲ್ಪ ಇದೆ. ಒಂದು ಮೊಟ್ಟೆಯ ಚಿಪ್ಪು ಕಟ್ಟಲು ಸುಮಾರು 20 ಗಂಟೆ ಬೇಕು, ಸುಮಾರು 2 ಗ್ರಾಂ ಸುಣ್ಣದ ಅಂಶ ಬೇಕು. ಅದು ಸಾಲದಿದ್ದರೆ ಚಿಪ್ಪು ತೆಳುವಾಗುತ್ತದೆ, ಮುಕ್ಕುವ ಶಕ್ತಿಯೂ ಕುಗ್ಗುತ್ತದೆ. ಕಪ್ಪೆಚಿಪ್ಪಿನ ಚೂರು, ಇಲ್ಲವೇ ಮೊಟ್ಟೆಚಿಪ್ಪನ್ನು ಬೇಯಿಸಿ ಒಣಗಿಸಿ ಪುಡಿಮಾಡಿ ಬೇರೆ ಬಟ್ಟಲಲ್ಲಿಡಿ. ಬಿಸಿಲು, ಶುದ್ಧ ನೀರು, ಒಣಗಿದ ಗೂಡು ಇರಲಿ.

ಕೊನೆಗೆ ಒಂದು ಎಚ್ಚರಿಕೆ. ಒಂದೇ ಸಲಕ್ಕೆ ಹಲವು ಕೋಳಿ ಸತ್ತರೆ ಕೊಯ್ಯಬೇಡಿ, ತಿನ್ನಬೇಡಿ, ಮಾರಬೇಡಿ; ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ. 2012ರಲ್ಲಿ ಹೆಸರಘಟ್ಟದಲ್ಲಿ ಹಕ್ಕಿಜ್ವರ ಬಂದದ್ದು ನೆನಪಿರಲಿ. ಕಾಯಿಲೆ ಕೋಳಿ ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ.

ಕೋಳಿ ಕೇಳಿ ಮಸಾಲೆ ಅರೀತಾರಾ ಅಂತ ಗಾದೆ. ಮಸಾಲೆಗೆ ಕೇಳದಿದ್ದರೂ, ಮದ್ದಿಗೆ ಮುಂಚೆ ಕೋಳಿಯನ್ನು ಕೇಳಲೇಬೇಕು. ಅದು ಬಾಯಲ್ಲಿ ಹೇಳುವುದಿಲ್ಲ, ನಮ್ಮ ಕೈಗೆ ಹೇಳುತ್ತದೆ. ಮನೆಯ ಹೆಂಗಸರು "ಸ್ವಲ್ಪ ನೋಡಿ" ಅಂದರೆ, ಅಣ್ಣಂದಿರೇ, ಕೂತಲ್ಲಿಂದ ಉತ್ತರ ಕೊಡಬೇಡಿ, ಎದ್ದು ಹೋಗಿ ನೋಡಿ.